ಮುಂಗಿ ಮೇಡಂ ಮತ್ತು ಒತ್ತುವ ಗುಂಡಿ

ನೆರೆಮನೆಯವರು ಬಾಗಿಲು ತಟ್ಟಿ ಸಕ್ಕರೆ ಕೇಳಿದ್ದುಂಟು, ಮೊಸರಿಗೆ ಹೆಪ್ಪು ಕೇಳಿದ್ದುಂಟು, ಹಬ್ಬದ ದಿನ ಗ್ಯಾಸ್ ಸಿಲಿಂಡರ್ ಕೇಳಿದ್ದೂ ಉಂಟು. ಇರುವೆ ಕೇಳಿಕೊಂಡು ಬಂದವರು ಅವರೊಬ್ಬರೇ.

"ನಿಮ್ಮ ಮನ್ಯಾಗ ಇರವಿ ಅದಾವೇನ್ರಿ?"

ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ನಾಲ್ಕನೇ ಮಾಳಿಗೆಗೆ ಅವರು ಬಾಡಿಗೆಗೆ ಬಂದು ವಾರವೂ ಆಗಿರಲಿಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ, ಐವತ್ತರ ಹತ್ತಿರದ ವಯಸ್ಸು. ನನಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮದು ದಿನಾ ಒರೆಸುವ ಮನೆ, ಇರುವೆಗಿರುವೆ ಇಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ತಮ್ಮ ಮನೆಯಲ್ಲಿ ಹೊಸ ಪೇಂಟಿನ ವಾಸನೆಗೆ ಒಂದೂ ಬರುತ್ತಿಲ್ಲ ಎಂದರು, ಮಕ್ಕಳು ಊಟ ಮಾಡುತ್ತಿಲ್ಲ ಎಂದು ಹೇಳುವ ಧಾಟಿಯಲ್ಲಿ.

ಆಮೇಲೆ ಅವರ ಕಣ್ಣು ಹೊಸ್ತಿಲಿಗೆ ಬಿತ್ತು. ನಾನು ರಂಗೋಲಿ ಇಡುವುದು ಅಕ್ಕಿಹಿಟ್ಟಿನಿಂದ. ಮೂರನೇ ಮಾಳಿಗೆಯಲ್ಲಿ ಹಕ್ಕಿಗಾದರೂ ಇರುವೆಗಾದರೂ ಬೇರೆ ಏನು ಕೊಡಲಿಕ್ಕಾಗುತ್ತದೆ, ದೇವರ ಲೆಕ್ಕದಲ್ಲಿ ಅಷ್ಟಾದರೂ ಇರಲಿ ಎಂದು. ಕಪ್ಪಿರುವೆಗಳು ಸಾಲಾಗಿ ಬಂದು ಹಿಟ್ಟಿನ ಕಣ ಹೊತ್ತು ಹೋಗುತ್ತಿದ್ದವು. ಅವರು ಅಲ್ಲಿಯೇ, ಮೆಟ್ಟಿಲಿನ ತಿರುವಿನಲ್ಲಿ, ಸೀರೆ ಒಟ್ಟುಮಾಡಿಕೊಂಡು ಕುಳಿತುಬಿಟ್ಟರು. ಹತ್ತುವವರು ಇಳಿಯುವವರು ಅವರನ್ನು ಬಳಸಿಕೊಂಡು ಹೋಗಬೇಕಾಯಿತು. ಎದುರು ಮನೆಯ ವಹಿನಿ, ಅತ್ತಿಗೆ ಎನ್ನುವ ಹಾಗೆ ನಾವೆಲ್ಲ ಕರೆಯುವುದು, ಕಸದ ಬುಟ್ಟಿ ಇಡಲು ಬಾಗಿಲು ತೆರೆದವರು, ಏನಾದರೂ ಕಳೆದುಹೋಯಿತೇ ಎಂದು ಮರಾಠಿಯಲ್ಲಿ ಕೇಳಿದರು.

"ಹರವ್ಲಂ ನಾಹೀ, ಸಾಪಡ್ಲಂ," ಎಂದರು ಇವರು. ಕಳೆದಿಲ್ಲ, ಸಿಕ್ಕಿತು.

ಅಂದು ಸಂಜೆಯೊಳಗೆ ವಹಿನಿಯ ಬಾಯಿಂದ ಇಡೀ ಕಟ್ಟಡಕ್ಕೆ ಅವರ ಹೆಸರು ಹರಡಿತು: ಮುಂಗಿ ಮೇಡಂ. ಮುಂಗಿ ಎಂದರೆ ಇರುವೆ. ಅವರಿಗೆ ಅದು ಗೊತ್ತಾದಾಗ ಬೇಸರಿಸಲಿಲ್ಲ. ಇರುವೆಗೆ ಗೊತ್ತಾದರೆ ಬೇಸರಿಸಬಹುದು ಎಂದರು. ಮೊಣಕಾಲು ನೋವಿಗೆ ಲಿಫ್ಟ್ ಇಲ್ಲದ ನಾಲ್ಕು ಮಾಳಿಗೆ ಹತ್ತಲಾಗದೆ ಮೊನ್ನೆ ಅವರು ಮನೆ ಖಾಲಿ ಮಾಡಿ ಠಾಕುರ್ಲಿಗೆ, ತಂಗಿಯ ಮನೆಯ ಪಕ್ಕಕ್ಕೆ ಹೋದರು. ಒಂದೇ ಸ್ಟೇಷನ್ನಿನ ದೂರ. ಆದರೂ ಟೆಂಪೋ ಹೋದ ಮೇಲೆ ಮೆಟ್ಟಿಲು ಖಾಲಿಯಾಗಿ ಕಾಣುತ್ತದೆ. ಅವರ ಬಗ್ಗೆ ನನಗೆ ತಿಳಿದಷ್ಟನ್ನು ಬರೆದಿಡೋಣ ಎನಿಸಿತು.

ನವಿ ಮುಂಬಯಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಹುಟ್ಟಿ ಬೆಳೆದದ್ದು ಕಳವಾ ಎಂಬ ಊರಿನ ಒಂದು ಖೋಲಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ. ತಂದೆ ವಿಜಯಪುರದ ಕಡೆಯಿಂದ ಬಂದು ಲಾರಿಗೆ ಮೂಟೆ ಹೊರುತ್ತಿದ್ದವರು. ಅವರ ಕನ್ನಡ ಆ ಕಡೆಯದು, ನನ್ನದು ಉಡುಪಿ ಕಡೆಯದು. ಮೊದಮೊದಲು ನಾವಿಬ್ಬರೂ ಅರ್ಧ ಮಾತನ್ನು ಊಹೆಯಲ್ಲೇ ನಡೆಸುತ್ತಿದ್ದೆವು. ನಾನು "ಎಂತ ಮಾರಾಯ್ರೆ" ಎಂದರೆ ಅವರು ಮಾರಾಟಕ್ಕೆ ಏನಿದೆ ಎಂದು ನೋಡುತ್ತಿದ್ದರು.

ಪಾಠದ ಜೊತೆಗೆ ಪಿಎಚ್‌ಡಿ ಎಂದು ಏನೋ ಸಂಶೋಧನೆ ಹಿಡಿದಿದ್ದರು. ಅದು ಏನೆಂದು ನಾನು ಕೇಳಿದ್ದಕ್ಕೆ ಬೇಸರವಿಲ್ಲದೆ ಹೇಳಿದರು. ಇರುವೆ, ಜೇನು, ಹಕ್ಕಿಯ ಹಿಂಡು ಇವೆಲ್ಲ ಯಾರೂ ಅಪ್ಪಣೆ ಕೊಡದೆ ದಾರಿ ಕಂಡುಕೊಳ್ಳುತ್ತವೆ, ಆ ಉಪಾಯವನ್ನು ಕಂಪ್ಯೂಟರಿಗೆ ಕಲಿಸುವುದು ಒಂದು ಕೆಲಸ. ಯಂತ್ರದ ಮುಂದೆ ಕುಳಿತ ಮನುಷ್ಯನ ಕೈ ಎಲ್ಲಿಗೆ ಹೋಗುತ್ತದೆ, ಕಣ್ಣು ಎಲ್ಲಿ ತಡೆಯುತ್ತದೆ ಎಂದು ನೋಡುವುದು ಇನ್ನೊಂದು. ಇದು ಎರಡು ಬೇರೆ ಬೇರೆ ಅಲ್ಲವೇ ಎಂದೆ. "ಎರಡರಾಗೂ ಸುಮ್ನ ಕುಂತು ನೋಡೂದೇ ಕೆಲ್ಸ ರೀ" ಎಂದರು.

ಆ ಸಂಶೋಧನೆಯ ಮೇಲೆ ಅವರ ಹೊಟ್ಟೆಪಾಡು ನಿಂತಿತ್ತು. ಕಾಲೇಜಿನವರು ಖಡಾಖಂಡಿತ ಹೇಳಿದ್ದರು: ಬರುವ ಬೇಸಿಗೆಯೊಳಗೆ ಬರೆದು ಒಪ್ಪಿಸದಿದ್ದರೆ ಕಾಯಂ ಜಾಗ ಬೇರೆಯವರಿಗೆ, ಇವರು ಮತ್ತೆ ಗಂಟೆಯ ಲೆಕ್ಕದ ಪಾಠಕ್ಕೆ. ಈ ವಿಷಯವನ್ನು ಅವರು, ನಾಳೆ ನೀರು ಒಂಬತ್ತಕ್ಕೆ ಬರುತ್ತದಂತೆ ಎನ್ನುವ ಹಾಗೆ ಹೇಳಿದರು. ನನಗೆ ಮಾತ್ರ ಅವತ್ತಿನಿಂದ ಸಂಜೆಯ ದೀಪದ ಮುಂದೆ ಕೇಳಿಕೊಳ್ಳುವುದರಲ್ಲಿ ಒಂದು ಹೆಚ್ಚಾಯಿತು.

ನನ್ನ ಅಡುಗೆಮನೆಗೆ ಅವರು ರಜೆಯ ದಿನ ಬರುತ್ತಿದ್ದರು. ಒಮ್ಮೆ ಬೆಲ್ಲದ ಡಬ್ಬಿಯ ಹತ್ತಿರ ಇರುವೆ ಸಾಲು ಕಂಡು ನಾನು ಒದ್ದೆ ಬಟ್ಟೆ ಎತ್ತಿದೆ. ಅವರು ನನ್ನ ಕೈ ಹಿಡಿದರು. ತಮ್ಮ ಬೆರಳನ್ನು ನೀರಿಗೆ ಅದ್ದಿ ಸಾಲಿನ ನಡುವೆ ಒಂದು ಬೆರಳಿನಗಲ ಮಾತ್ರ ಒರೆಸಿದರು. ನೋಡುತ್ತೇನೆ, ಆ ಜಾಗಕ್ಕೆ ಬಂದ ಇರುವೆಗಳೆಲ್ಲ ಗಕ್ಕನೆ ನಿಂತವು. ಒಂದು ಹಿಂದೆ ಹೋಯಿತು, ಒಂದು ಅಡ್ಡ ಹೋಯಿತು, ಒಂದು ತಲೆ ಆಡಿಸುತ್ತ ಅಲ್ಲೇ ಸುತ್ತಿತು. ಕಣ್ಣಿಗೆ ಕಾಣುವ ಅಡ್ಡಿ ಏನೂ ಇಲ್ಲ. ಅವರು ಹೇಳಿದರು: ನಡೆದ ಇರುವೆ ನೆಲದ ಮೇಲೆ ವಾಸನೆ ಬಿಟ್ಟು ಹೋಗುತ್ತದೆ, ಹಿಂದಿನದು ಅದನ್ನು ಹಿಡಿದು ಬರುತ್ತದೆ, ತಾನೂ ಬಿಡುತ್ತದೆ. ಹೆಚ್ಚು ನಡೆದ ದಾರಿಯ ವಾಸನೆ ಗಟ್ಟಿ. ಯಾರೂ ನಡೆಯದ ದಾರಿಯದು ಆರಿಹೋಗುತ್ತದೆ. ಹೀಗೆ ಒಳ್ಳೆಯ ದಾರಿ ತಾನಾಗಿ ಉಳಿಯುತ್ತದೆ.

ನಾನು ಇಷ್ಟು ವರ್ಷ ದಿನಾ ಬೆಳಿಗ್ಗೆ ನೆಲ ಒರೆಸಿದೆ ಎಂದುಕೊಂಡಿದ್ದೆ. ಅವುಗಳ ಪಾಲಿಗೆ ನಾನು ರಸ್ತೆ ಅಗೆಯುವವಳು. ಹಾಗೆಂದೆ. ಅವರು ಬಹಳ ಹೊತ್ತು ನಕ್ಕರು. ಸ್ವಲ್ಪದರಲ್ಲೇ ಒಂದು ಇರುವೆ ಆ ಬೆರಳಗಲವನ್ನು ದಾಟಿತು. ಹಿಂದೆಯೇ ಇನ್ನೊಂದು. ನನಗೆ ಯಾಕೋ ಸಮಾಧಾನವಾಯಿತು.

ಅವರಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಯಂತ್ರದೊಂದಿಗೆ ಒದ್ದಾಡುತ್ತಿದ್ದರೆ ಪಕ್ಕದಲ್ಲಿ ಕುಳಿತು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಇಲ್ಲದಿದ್ದರೆ ಕೈ ತಾನಾಗಿ ಸಹಾಯಕ್ಕೆ ಹೋಗುತ್ತದಂತೆ, ಹೋದರೆ ನೋಡಬೇಕಾದದ್ದು ಕೆಡುತ್ತದಂತೆ. ನಮ್ಮ ಯಜಮಾನರು ಹೊಸ ಮೊಬೈಲು ತಂದು ಅದರೊಂದಿಗೆ ಜಗಳವಾಡಿದ ಸಂಜೆ ಇವರು ಸೋಫಾದ ಮೇಲೆ ಹಾಗೆಯೇ ಕುಳಿತಿದ್ದರು, ಶಿಕ್ಷೆಗೆ ಕುಳಿತ ಮಗುವಿನ ಹಾಗೆ. ಅವರು ಹೋದ ಮೇಲೆ ಯಜಮಾನರು, ಟೀಚರಂತೆ, ಒಂದು ಮಾತು ಹೇಳಿಕೊಟ್ಟರೆ ಏನಾಗುತ್ತಿತ್ತು ಎಂದು ಗೊಣಗಿದರು.

ಲೋಕಲ್ ರೈಲಿನಲ್ಲಿ ಠಾಣೆ ಊರಿನವರೆಗೆ ಕೆಲವೊಮ್ಮೆ ಒಟ್ಟಿಗೆ ಹೋಗುತ್ತಿದ್ದೆವು. ನಾನು ಮಾಜಿವಾಡಾದ ನಾದಿನಿಯ ಮನೆಗೆ, ಅವರು ಅಲ್ಲಿ ಇಳಿದು ವಾಶಿಯ ಗಾಡಿಗೆ. ಟಿಕೆಟ್ ಕೊಡುವ ಯಂತ್ರಗಳು ಆಗಷ್ಟೇ ಸ್ಟೇಷನ್ನಿಗೆ ಬಂದಿದ್ದವು. ಗಾಡಿ ತಪ್ಪಿದರೂ ಪರವಾಗಿಲ್ಲ, ಅವರು ಅದರ ಪಕ್ಕದಲ್ಲಿ ನಿಂತು ಜನರ ಬೆರಳು ನೋಡಬೇಕು. ಒಬ್ಬ ಹಿರಿಯರು ಪರದೆಯ ಮೇಲೆ ಕಳವಾ ಎಂಬಲ್ಲಿ ಒತ್ತಿದರು, ಅದು ಸುಮ್ಮನಿತ್ತು. ಇನ್ನೂ ಜೋರಾಗಿ ಒತ್ತಿದರು. ಕೊನೆಗೆ ಬಗ್ಗಿ, ಕಿವಿ ಮಂದವಾದವರಿಗೆ ಹೇಳುವಂತೆ, "ಕಳವಾ" ಎಂದರು. ನನಗೆ ನಗು ತಡೆಯಲಿಲ್ಲ. ಇವರು ನಗಲಿಲ್ಲ. ಅಷ್ಟರಲ್ಲಿ ಒಬ್ಬ ಸಿಪಾಯಿ ಬಂದು, ಇಷ್ಟು ಹೊತ್ತು ಇಲ್ಲಿ ಏನು ನೋಡುತ್ತಿದ್ದೀರಿ ಎಂದು ಕೇಳಿದ. ಬೆರಳು ನೋಡುತ್ತಿದ್ದೇನೆ ಎಂದು ಇವರು ಸತ್ಯವನ್ನೇ ಹೇಳಿದರು. ಅವನು ಉಂಗುರದ ಕಳ್ಳಿ ಎಂದೇ ತಿಳಿದ. ನಾನು ನಡುವೆ ಹೋಗಿ, ಟೀಚರು, ಪಾಪದವರು ಎಂದು ಬಿಡಿಸಿಕೊಂಡು ಬಂದೆ.

ಮೇಲ್ಸೇತುವೆ ಹತ್ತುವಾಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ಉಪಕಾರಕ್ಕೆ ಬರುತ್ತದೆ. "ಬೆರಳು ತಪ್ಪು ಮಾಡೂದಿಲ್ರಿ. ಗುಂಡಿ ತಪ್ಪು ಜಾಗದಾಗ ಇರ್ತದ." ಮನೆಯಲ್ಲಿ ಟಿವಿಯ ರಿಮೋಟು ಹಿಡಿದಾಗಲೆಲ್ಲ ಮಗಳು "ಮಮ್ಮಿ, ಛೋಡ್ ದೋ" ಎಂದು ಕಸಿದುಕೊಳ್ಳುತ್ತಿದ್ದಳು. ಆಮೇಲೆ ನಾನು ಕಸಿದುಕೊಳ್ಳಲು ಬಿಡಲಿಲ್ಲ.

ಈಗ ನಮ್ಮ ಭಜನಾ ಮಂಡಳಿಯ ವಿಷಯಕ್ಕೆ ಬರಬೇಕು. ಶನಿವಾರದ ಭಜನೆಗೆ ಅವರು ಬಂದು ಹಿಂದೆ ಕೂರುತ್ತಿದ್ದರು. ಹಾಡುತ್ತಿರಲಿಲ್ಲ. ಒಂದು ಭಜನೆ ನಿಂತ ಮೇಲೆ ಮುಂದಿನದನ್ನು ಯಾರು ಎತ್ತಬೇಕೆಂದು ಹೇಗೆ ತೀರ್ಮಾನವಾಗುತ್ತದೆ ಎಂದು ಒಮ್ಮೆ ಕೇಳಿದರು. ದೇವರು ಎತ್ತಿಸುತ್ತಾನೆ ಎಂದೆ. "ಇರಬಹುದು. ಅದನ್ನ ಅಳತಿ ಮಾಡಾಕ ನನಗ ಬರೂದಿಲ್ಲ," ಎಂದರು. ಗೇಲಿ ಮಾಡಿದ ಧ್ವನಿಯಲ್ಲ. ನನಗೆ ಅಷ್ಟು ಸಾಕು.

ಮಂಡಳಿಯ ಅಧ್ಯಕ್ಷೆ ಸರೋಜಕ್ಕ. ಗಂಡನದು ಹೋಟೆಲು, ದೊಡ್ಡ ಕೈ, ದೊಡ್ಡ ಗಂಟಲು. ನವರಾತ್ರಿಯಲ್ಲಿ ದಿನಾ ಪ್ರಸಾದದ ಊಟ ನಾವೇ ಹೆಂಗಸರು ಸರದಿಯಲ್ಲಿ ಮಾಡುವುದು. ಸಾಮಾನಿನ ಕೋಣೆ ಭಜನೆಯ ಜಾಗದ ಕೆಳಗೆ, ಅದಕ್ಕೆ ಭಂಡಾರ ಎಂದು ಹೆಸರು. ಪ್ರತಿ ವರ್ಷ ಒಂದೇ ಗೋಳು: ತೆಂಗಿನಕಾಯಿ ಮೂವರು ತರುತ್ತಾರೆ, ಉಪ್ಪು ಯಾರೂ ತರುವುದಿಲ್ಲ. ಮುಂಗಿ ಮೇಡಂ ಇದನ್ನು ನೋಡಿ, ಇದಕ್ಕೆ ತಾನೊಂದು ಮಾಡಿಕೊಡುತ್ತೇನೆ, ನೀವು ಬಳಸಿ, ತಾನು ನೋಡುತ್ತೇನೆ ಎಂದರು. ಅವರ ಸಂಶೋಧನೆಗೆ ಬೇಕಾದ ಪರೀಕ್ಷೆಯೂ ಅದೇ. ಸರೋಜಕ್ಕ ಒಪ್ಪಿದರು.

ಭಂಡಾರದ ಗೋಡೆಗೆ ಸ್ಲೇಟಿನಂಥ ಒಂದು ಪರದೆ ಬಂತು. ಅದರಲ್ಲಿ ಅಕ್ಕಿ, ಬೆಲ್ಲ, ಎಣ್ಣೆ, ಅರಿಶಿನ, ಸಾಬೂನು ಎಲ್ಲದರ ಚಿತ್ರ. ಅಕ್ಕಿಯನ್ನು ಮುಟ್ಟಿದರೆ ಕೆಳಗೆ ಮೂರು ಗುಂಡಿ: ಸಾಕಷ್ಟಿದೆ, ಮುಗಿದಿದೆ, ಹೆಚ್ಚಿದೆ. ಅಡುಗೆ ಮುಗಿಸಿ ಹೋಗುವವರು ಪ್ರತಿ ಸಾಮಾನಿಗೂ ಒಂದು ಗುಂಡಿ ಒತ್ತಬೇಕು. ಮರುದಿನ ತರುವ ಸರದಿಯವರ ಮೊಬೈಲಿಗೆ ಏನು ತರಬೇಕೆಂದು ಸಂದೇಶ ಹೋಗುತ್ತದೆ. ಹೆಚ್ಚಿದೆ ಎಂದು ಬಂದರೆ ತರುವುದು ಬೇಡ. ಇದರೊಳಗೆ ಇರುವೆಯ ಉಪಾಯ ಇತ್ತು. ಜನ ಹೆಚ್ಚು ಒತ್ತಿದ ಗುಂಡಿ ದೊಡ್ಡದಾಗಿ ಮೇಲೆ ಬರುತ್ತದೆ, ಯಾರೂ ಒತ್ತದ್ದು ಸಣ್ಣದಾಗಿ ಬಣ್ಣಗೆಡುತ್ತದೆ. ವಾಸನೆ ಆರಿದ ದಾರಿಯ ಹಾಗೆ.

ಮೊದಲು ಸಿಟ್ಟಾದವರು, ಅಡುಗೆಗೆ ನಮ್ಮೊಂದಿಗೆ ಬರುತ್ತಿದ್ದ ವಹಿನಿ. ಅವರಿಗೆ ಕನ್ನಡ ಓದಲು ಬಾರದು, ಗುಂಡಿಗಳ ಜಾಗ ನೆನಪಿಟ್ಟುಕೊಂಡು ಒತ್ತುತ್ತಿದ್ದರು. ನಿನ್ನೆ ಮೇಲಿದ್ದದ್ದು ಇವತ್ತು ಕೆಳಗೆ. ತನ್ನ ಅಡುಗೆಮನೆಗೆ ಬಂದು ಡಬ್ಬಿಗಳನ್ನು ಆಚೀಚೆ ಮಾಡಿಟ್ಟವರನ್ನು ಏನೆನ್ನಬೇಕು ಎಂದು ಕೇಳಿದರು. ಮೇಡಂ ಅದನ್ನು ಗಂಭೀರವಾಗಿ ಬರೆದುಕೊಂಡರು. ಉಳಿದಂತೆ ಎಲ್ಲರೂ ಒತ್ತಿದರು, ಸಂದೇಶ ಹೋಯಿತು, ಸಾಬೂನು, ಬೆಂಕಿಪೆಟ್ಟಿಗೆ, ಕಾಗದದ ತಟ್ಟೆ ಎಲ್ಲ ಸರಿಯಾಗಿ ಬಂದವು. ನಡುವೆ ಉಪ್ಪು ಬರಲಿಲ್ಲ, ಯಾರೋ ಮನೆಯಿಂದ ತಂದರು. ಕುಂಕುಮವೂ ಬರಲಿಲ್ಲ. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಅಷ್ಟಮಿಯ ದಿನ ಮಾತ್ರ ದೊಡ್ಡದಾಯಿತು. ಅವತ್ತು ದೊಡ್ಡ ಊಟ, ದೂರದಿಂದಲೂ ಜನ ಬರುತ್ತಾರೆ. ಬೆಳಿಗ್ಗೆ ಅಕ್ಕಿಯ ಡ್ರಮ್ಮಿನ ಮುಚ್ಚಳ ತೆಗೆದರೆ ತಳ ಕಾಣುತ್ತಿದೆ. ತರುವ ಸರದಿಯವಳ ಮೊಬೈಲಿನಲ್ಲಿ 'ಅಕ್ಕಿ ಹೆಚ್ಚಿದೆ, ತರಬೇಡಿ' ಎಂದಿದೆ. ಗೋಡೆಯ ಪರದೆಯಲ್ಲಿ ಅಕ್ಕಿಯ ಕೆಳಗೆ 'ಹೆಚ್ಚಿದೆ' ಎಂಬ ಗುಂಡಿ ಊದಿಕೊಂಡು ಕೂತಿದೆ, 'ಮುಗಿದಿದೆ' ಎಂಬುದು ಸಾಸಿವೆಯಷ್ಟಾಗಿದೆ. ಸರೋಜಕ್ಕನ ಗಂಡನ ಹೋಟೆಲಿನಿಂದ ಬೆಂದ ಅನ್ನದ ಹಂಡೆಗಳು ಟೆಂಪೋದಲ್ಲಿ ಬಂದವು. ಊಟ ತಡವಾಯಿತು, ಉಪವಾಸ ಯಾರೂ ಹೋಗಲಿಲ್ಲ. ತಾಯಿಯ ದಯೆ. ಆದರೆ ಎಲೆಯ ಮುಂದೆ ಕಾದು ಕುಳಿತವರ ಮುಖ ಸರೋಜಕ್ಕ ಮರೆಯುವವರಲ್ಲ. ಭಂಡಾರದ ಬಾಗಿಲಲ್ಲಿ ನಿಂತು, ಎಲ್ಲರ ಮುಂದೆ, ಕೇಳಿದರು:

"ಇದು ಒತ್ತುವ ಗುಂಡಿಯೋ, ನಮ್ಮನ್ನು ಬೀಳಿಸುವ ಗುಂಡಿಯೋ, ಹೇಳಿ ಮೇಡಂ."

ಪರದೆ ಆ ದಿನವೇ ಗೋಡೆಯಿಂದ ಇಳಿಯಿತು.

ಆಮೇಲೆ ಗೊತ್ತಾಯಿತು, ಅವರ ಗೈಡ್, ಎಂದರೆ ಸಂಶೋಧನೆಗೆ ದಾರಿ ತೋರಿಸುವ ದೊಡ್ಡ ಮೇಷ್ಟ್ರು, ಸುಲಭದ ಪರಿಹಾರ ಕೊಟ್ಟಿದ್ದರು. ಹೆಂಗಸರಿಗೆ ಹೇಳಿದ್ದು ತಿಳಿದಿಲ್ಲ, ತಪ್ಪು ಒತ್ತಿದ್ದಾರೆ, ಅಕ್ಕಿ ಎಣ್ಣೆಯನ್ನೆಲ್ಲ ತೆಗೆದುಹಾಕಿ, ಸಾಬೂನು ಬೆಂಕಿಪೆಟ್ಟಿಗೆಯನ್ನು ಮಾತ್ರ ಇಟ್ಟುಕೊಂಡು ಬರೆದು ಒಪ್ಪಿಸಿ, ಚೊಕ್ಕವಾಗಿದೆ. ಹಾಗೆ ಮಾಡಿದರೆ ಬೇಸಿಗೆಗೆ ಬಹಳ ಮೊದಲೇ ಮುಗಿಯುತ್ತದೆ, ಜಾಗ ಉಳಿಯುತ್ತದೆ. ಮತ್ತೆ ಪರೀಕ್ಷೆ ಮಾಡುತ್ತ ಕೂತರೆ ಉಳಿಯುವುದು ಕಷ್ಟ. ನಾನಾದರೂ ಅದನ್ನೇ ಹೇಳಿದೆ. ತೆಗೆದುಬಿಡಿ ಮೇಡಂ, ನಮ್ಮ ಅಕ್ಕಿಯ ಸುದ್ದಿ ಯಾರಿಗೆ ಬೇಕು.

"ಒಬ್ಬರು ತಪ್ಪು ಒತ್ತಿದ್ರ ತಪ್ಪು ಅನಬಹುದು. ಎಲ್ಲಾರೂ ಒಂದ ಕಡೆ ಒತ್ತ್ಯಾರಲ್ರಿ. ಅದು ದಾರಿ."

ಯಾವ ದಾರಿ ಎಂದು ಮಾತ್ರ ಅವರಿಗೂ ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ಶುಕ್ರವಾರ. ಅವರು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಚಹಾದ ಲೋಟ ಹಿಡಿದು ಕುಳಿತಿದ್ದರು. ನಾನು ದೇವರ ದೀಪಕ್ಕೆ ಎಣ್ಣೆ ಬಗ್ಗಿಸಿದೆ. ಕ್ಯಾನಿನಲ್ಲಿ ಕಡೆಯ ಹನಿ. ಮಗಳನ್ನು ಕರೆದು, "ಎಣ್ಣೆ ಹೆಚ್ಚಾಗಿದೆ ಮಗಾ, ಕೆಳಗಿಂದ ತಾ" ಎಂದೆ. ಅವಳು "ಏಕ್ ಲೀಟರ್?" ಎಂದು ಕೇಳಿ ಚಪ್ಪಲಿ ಮೆಟ್ಟಿ ಇಳಿದಳು.

ಮೇಡಂ ಲೋಟ ಕೆಳಗಿಟ್ಟರು. ಎಣ್ಣೆ ಹೆಚ್ಚಾಗಿದ್ದರೆ ತರಿಸುವುದು ಯಾಕೆ ಎಂದು ಕೇಳಿದರು. ಹೆಚ್ಚಾಗಿದೆಯಲ್ಲ, ಅದಕ್ಕೇ ಎಂದೆ. ಅದೇ, ಹೆಚ್ಚಾಗಿದ್ದರೆ ಯಾಕೆ ಎಂದರು. ಹೆಚ್ಚಾದರೆ ತರಬೇಡವೇ ಎಂದೆ. ಇಬ್ಬರು ಕಿವುಡರ ಸಂಸಾರದಂತೆ ಸ್ವಲ್ಪ ಹೊತ್ತು ನಡೆಯಿತು. ನನಗೆ ನಿಜವಾಗಿ ಅವರ ಪ್ರಶ್ನೆ ಅರ್ಥವಾಗಿರಲಿಲ್ಲ. ದೀಪದ ಮುಂದೆ ನಿಂತು ಎಣ್ಣೆ ಮುಗಿಯಿತು ಎನ್ನುವುದಕ್ಕಾಗುತ್ತದೆಯೇ? ನಮ್ಮಲ್ಲಿ ಅಕ್ಕಿ ಮುಗಿಯುವುದಿಲ್ಲ, ಉಪ್ಪು ಮುಗಿಯುವುದಿಲ್ಲ, ಕುಂಕುಮ ಮುಗಿಯುವುದಿಲ್ಲ. ಹೆಚ್ಚಾಗುತ್ತದೆ. ಬಳೆ ಒಡೆದರೂ ಬಳೆ ಹೆಚ್ಚಿತು ಎನ್ನುತ್ತೇವೆ. ಮನೆಯ ಲಕ್ಷ್ಮಿಯ ಕಿವಿಗೆ ಇಲ್ಲ ಎಂಬ ಶಬ್ದ ಬೀಳಬಾರದು. ಸಾಬೂನಿಗೆ ಆ ಮರ್ಯಾದೆ ಇಲ್ಲ, ಅದು ಮುಗಿಯುತ್ತದೆ. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಮಾತು, ಹೇಳುತ್ತಿದ್ದೇನೆ ಎಂದೇ ತಿಳಿಯುವುದಿಲ್ಲ. ಭಂಡಾರದಲ್ಲೂ ನಾವು ಅಕ್ಕಿಗೆ 'ಹೆಚ್ಚಿದೆ' ಒತ್ತಿದೆವು. ನಾನೂ ಒತ್ತಿದ್ದೆ. ಸರಿಯಾದದ್ದನ್ನು ಒತ್ತಿದೆ ಎಂದೇ ಮನೆಗೆ ಬಂದಿದ್ದೆ.

ಇಷ್ಟನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ನಮ್ಮವ್ವನೂ ಹಿಂಗ ಅಂತಿದ್ಲು. ಕಳವಾ ಖೋಲ್ಯಾಗ ಡಬ್ಬಿ ಬೋರಲ ಹಾಕಿ, ಜ್ವಾಳ ಹೆಚ್ಚ್ಯಾವ ಅಂತಿದ್ಲು. ನಾ ಸಣ್ಣಾಕಿ. ಹೆಚ್ಚಿದ್ರ ರೊಟ್ಟಿ ಮಾಡವಾ ಅಂತ ಅಳ್ತಿದ್ದೆ."

ನಾನು ಕುದಿಯುತ್ತಿದ್ದ ಹಾಲಿನ ಕಡೆ ತಿರುಗಿದೆ. ಮಗಳು ಎಣ್ಣೆ ತಂದಳು, ದೀಪ ಹಚ್ಚಿದೆ. ಅವರು ಎದ್ದು ಹೋಗುವಾಗ, ಇನ್ನು ಅಕ್ಕಿಯನ್ನು ತೆಗೆಯಲಾಗುವುದಿಲ್ಲ ಎಂದಷ್ಟೇ ಹೇಳಿದರು. ಕಾಯಂ ಜಾಗ ಎಂದು ನಾನು ಬಾಯಿ ತೆರೆದೆ. ಅವರು ಕೈ ಎತ್ತಿ, ಗೊತ್ತದ ರೀ, ಗೊತ್ತದ ಎಂದರು.

ಮತ್ತೆ ಪರೀಕ್ಷೆ ಮಾಡಬೇಕೆಂದರೆ ಸರೋಜಕ್ಕ ಭಂಡಾರದ ಬಾಗಿಲು ತೆರೆಯಬೇಕು. ಮೇಡಂ ನನ್ನನ್ನು ಜೊತೆಗೆ ಕರೆದುಕೊಂಡು ಅವರ ಮನೆಗೆ ಹೋದರು. ದಾರಿಯಲ್ಲಿ ನಾನು ಹೇಗೆ ಸಮಜಾಯಿಷಿ ಹೇಳಬೇಕೆಂದು ಕಲಿಸಿಕೊಡುತ್ತ ಬಂದೆ. ಅವರು ಒಂದನ್ನೂ ಹೇಳಲಿಲ್ಲ. ಕುಳಿತವರೇ ಕೇಳಿದ್ದು ಒಂದೇ: ಗುಂಡಿಯ ಮೇಲೆ ಏನು ಬರೆಯಲಿ?

ಸರೋಜಕ್ಕ ಜಗಳಕ್ಕೆ ತಯಾರಾಗಿ ಕುಳಿತಿದ್ದರು. ಜಗಳಕ್ಕೆ ಬೇಕಾದ ಇನ್ನೊಂದು ಕೈ ಸಿಗಲಿಲ್ಲ. ಮೊದಲು, ಇಂಜಿನಿಯರಿಂಗ್ ಕಲಿಸುವವರಿಗೆ ನಾನು ಬರೆದುಕೊಡಬೇಕಾ ಎಂದು ಚುಚ್ಚಿದರು. ಮೇಡಂ ಹೌದು ಎಂದರು. ಆಮೇಲೆ ಸರೋಜಕ್ಕ ಸೆರಗು ಸರಿಮಾಡಿಕೊಂಡು ಯೋಚಿಸಿದರು.

"ಅಂಗಡಿಗೆ ಫೋನ್ ಮಾಡಿದರೆ ನಾನು ಎಂತ ಹೇಳುವುದು? ಅಕ್ಕಿ ತರಬೇಕು ಅಂತ. 'ತರಬೇಕು' ಅಂತ ಬರೆಯಿರಿ ಮಾರಾಯ್ರೆ. ಅದರಲ್ಲಿ ಎಂತ ಉಂಟು ದೋಷ?"

ಮತ್ತೊಂದು ಕರಾರೂ ಹಾಕಿದರು. ತನ್ನ ಭಂಡಾರದಲ್ಲಿ ಗುಂಡಿಗಳು ಓಡಾಡಬಾರದು. ಇರುವೆ ಓಡಾಡಲಿ, ಗುಂಡಿ ಕೂತಲ್ಲಿ ಕೂತಿರಲಿ. ಬೇಕಾದರೆ ಬಣ್ಣ ಗಾಢವಾಗಲಿ. ವಹಿನಿಯೂ ಇದನ್ನೇ ಅಲ್ಲವೇ ಹೇಳಿದ್ದು ಎಂದು ಮೇಡಂ ನನ್ನ ಕಡೆ ನೋಡಿದರು, ಕಣ್ಣು ಮಿನುಗುತ್ತಿತ್ತು. ಬೈಸಿಕೊಂಡು ಇಷ್ಟು ಖುಷಿಯಾದವರನ್ನು ನಾನು ಬೇರೆ ಕಂಡಿಲ್ಲ.

ಆ ಚಳಿಗಾಲವೆಲ್ಲ ಶನಿವಾರದ ಭಜನೆಯ ಪ್ರಸಾದಕ್ಕೆ ಹೊಸ ಪರದೆ ಬಳಸಿದೆವು. ಅಕ್ಕಿ ಬಂತು, ಉಪ್ಪು ಬಂತು, ಕುಂಕುಮ ಬಂತು. ಅವರು ಮೂಲೆಯಲ್ಲಿ ಕೈಯ ಮೇಲೆ ಕುಳಿತು ನೋಡಿದರು. ಹಳೆಯದು, ಹೊಸದು ಎರಡನ್ನೂ ಸೇರಿಸಿ ಬರೆಯುವಷ್ಟರಲ್ಲಿ ಬೇಸಿಗೆ ಬಂದೇಬಿಟ್ಟಿತು. ಕಾಲೇಜಿನವರು ಹೇಳಿದ್ದನ್ನು ಮಾಡಿದರು. ಆ ಜಾಗಕ್ಕೆ ಯಾರೋ ಬಂದರು, ಇವರು ಗಂಟೆಯ ಪಾಠಕ್ಕೆ ಇಳಿದರು. ಪದವಿ ಕೈಗೆ ಬಂದರೆ ಇನ್ನೊಂದು ಜಾಗ ಖಾಲಿಯಾಗುವುದಿದೆ, ಆಗ ನೋಡೋಣ ಎಂದು ಮೇಲಿನವರು ಹೇಳಿದ್ದರಂತೆ. ಬರದಿದ್ದರೆ ಅದೂ ಇಲ್ಲ. ಬೆಳಗಿನ ಗಾಡಿಗೆ ಅವರು ಮೊದಲಿನಂತೆಯೇ ಇಳಿದು ಹೋಗುತ್ತಿದ್ದರು. ಆದರೆ ಹೊಸ್ತಿಲ ರಂಗೋಲಿಯ ಹತ್ತಿರ ನಿಲ್ಲುವುದು ಕಡಿಮೆಯಾಗಿತ್ತು.

ಮಳೆ ಹಿಡಿದ ಮೇಲೆ ಅವರ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಯಾರು ಬೇಕಾದರೂ ಬಂದು ಕೂರಬಹುದಂತೆ. ನಮಗೆ ಮೂವರಿಗೂ, ನನಗೆ, ವಹಿನಿಗೆ, ಸರೋಜಕ್ಕನಿಗೆ, ಬರಲೇಬೇಕು ಎಂದರು. ಠಾಣೆಯಲ್ಲಿ ಗಾಡಿ ಬದಲಿಸಿ ಹೋದೆವು. ಕೂರಲು ಜಾಗ ಸಿಕ್ಕಿತು, ಕೊಡೆ ಒದ್ದೆಯಾಯಿತೇ ಹೊರತು ಸೀರೆ ನೆನೆಯಲಿಲ್ಲ. ಹೋಗುವಾಗ ಇದನ್ನೆಲ್ಲ ಒಳ್ಳೆಯ ಸೂಚನೆ ಎಂದು ನಾನು ಸೇರಿಸಿಟ್ಟುಕೊಳ್ಳುತ್ತಿದ್ದೆ.

ಎಸಿಯ ಕೋಣೆ. ಕಡೆಯ ಸಾಲಿನಲ್ಲಿ ನಾವು ಮೂವರು ಸೆರಗು ಹೊದ್ದು ಕುಳಿತೆವು. ಮುಂದೆ ಮೇಜಿನ ಆಚೆ ಅವರ ಗೈಡ್, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ನರೆತ ಗಡ್ಡದವರು. ಮಾತೆಲ್ಲ ಇಂಗ್ಲಿಷು. ಗೋಡೆಯ ಮೇಲೆ ನಮ್ಮ ಭಂಡಾರದ ಚಿತ್ರ ಬಂದಾಗ ಸರೋಜಕ್ಕ ನನ್ನ ತೊಡೆ ತಿವಿದರು. ಪರೀಕ್ಷಕರು ಒಂದು ಹಾಳೆ ಎತ್ತಿ ಏನೋ ಕೇಳಿದರು, ಗೈಡ್ ತಲೆ ತಗ್ಗಿಸಿದರು. ಕೇಳಿದ್ದು ಏನೆಂದು ಮೇಡಂ ಆಮೇಲೆ ಹೇಳಿದರು: ಮೊದಲ ಪರೀಕ್ಷೆ ಪೂರ್ತಿ ಕೆಟ್ಟಿದೆ, ಗೊತ್ತಿದ್ದೂ ಅದನ್ನು ಯಾಕೆ ಒಂದು ಅಧ್ಯಾಯವಾಗಿ ಇಟ್ಟಿರಿ? ಅವರು ಉತ್ತರ ಕೊಟ್ಟರು. ಅದರಲ್ಲಿ ನನಗೆ ಹಿಡಿದದ್ದು ಎರಡೇ ಶಬ್ದ, ರೈಸ್ ಮತ್ತು ಮದರ್. ಪರೀಕ್ಷಕರು ಪೆನ್ನು ಕೆಳಗಿಟ್ಟರು. ಮತ್ತೆ ಒಂದು ಪ್ರಶ್ನೆ ಕೇಳಿದರು, ಈ ಸಲ ಸ್ವಲ್ಪ ಬಿರುಸಾಗಿ. ಇಷ್ಟೆಲ್ಲ ಇರುವೆಯ ಲೆಕ್ಕ ಬೇಕಿತ್ತೇ, ಆ ಹೆಂಗಸರನ್ನು ಮೊದಲೇ ಕೇಳಿದ್ದರೆ ಆಗುತ್ತಿರಲಿಲ್ಲವೇ ಎಂದು. ಏನು ಕೇಳಬೇಕೆಂದು ಮೊದಲು ನನಗೆ ಗೊತ್ತಿರಲಿಲ್ಲ ಎಂದರಂತೆ ಇವರು.

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಮೇಡಂ ಕೂಡ ಹೊರಗೆ. ಓಣಿಯಂಥ ಉದ್ದ ವರಾಂಡ, ಒಂದು ಬೆಂಚು. ನಾವು ಮೂವರು ಕುಳಿತೆವು, ಅವರು ಕೂರಲಿಲ್ಲ, ನಮಗೆ ಬೆನ್ನು ಹಾಕಿ ಆ ಬಾಗಿಲಿನ ಎದುರೇ ನಿಂತರು. ಕೊಟ್ಟರೆ ಕೊಡಲಿ, ಇಲ್ಲದಿದ್ದರೆ ಟ್ಯೂಷನ್ ಹೇಳುತ್ತೇನೆ, ಬೆನ್ನು ಗಟ್ಟಿ ಇದೆ ಎಂದು ಬಾಗಿಲಿಗೇ ಹೇಳಿದರು. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ಒಂದು ಸುತ್ತು ಕರೆದೆ. ಒಳಗೆ ಯಾರೋ ಜೋರಾಗಿ ನಕ್ಕರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ. ನಗುತ್ತಿದ್ದಾರೆ ಎಂದರೆ ಒಳ್ಳೆಯದೇ ಎಂದು ವಹಿನಿ ಮರಾಠಿಯಲ್ಲಿ ಪಿಸುಗುಟ್ಟಿದರು. ಹೋಟೆಲಿನಲ್ಲಿ ಗಿರಾಕಿ ಬೈಯುವ ಮೊದಲೂ ನಗುತ್ತಾನೆ ಎಂದರು ಸರೋಜಕ್ಕ.

ಬಾಗಿಲು ಅರ್ಧ ತೆರೆಯಿತು. ಖಾಕಿ ಅಂಗಿಯ ಪ್ಯೂನ್ ತಲೆ ಹೊರಗೆ ಹಾಕಿದ.

"ಡಾಕ್ಟರ್ ಮ್ಯಾಡಮ್, ಆಪಕೋ ಅಂದರ್ ಬುಲಾಯಾ ಹೈ."

ಒಳಗೆ ಬರಲು ಯಾವ ಡಾಕ್ಟರನ್ನು ಕರೆಯುತ್ತಿದ್ದಾನೆ ಎಂದು ಮೇಡಂ ಹಿಂದೆ ತಿರುಗಿ ನೋಡಿದರು. ಹಿಂದೆ ನಾವು ಮೂವರೇ ಇದ್ದದ್ದು.